ಪ್ರಾರ್ಥಿಸಿದರೆ ಅಣುತ್ಯಾಜ್ಯ ಕರಗುತ್ತದೆಯೇ?

ಜರ್ಮನಿಯ ಗೋರ್ಲೆಬೆನ್ ಹಳ್ಳಿಯಲ್ಲಿ ಅಣುತ್ಯಾಜ್ಯದ ವಿರುದ್ಧ ಪ್ರತಿ ಭಾನುವಾರ ನಡೆಯುವ ಪ್ರಾರ್ಥನೆಯ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಕಾಡಿನಲ್ಲಿ ನಿಂತು ಪ್ರಾರ್ಥಿಸಿದ ಮಾತ್ರಕ್ಕೆ ಅಣುತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಪ್ರಾರ್ಥಿಸುವವರಿಗೂ ಇದು ಚೆನ್ನಾಗಿ ಗೊತ್ತು.

ಎಲ್ಬೆ ನದಿಯ ಬಳಿಯ ಈ ಹಳ್ಳಿಯನ್ನು ಅಣುತ್ಯಾಜ್ಯ ಕೇಂದ್ರಕ್ಕೆಂದು ಲೋವರ್ ಸ್ಯಾಕ್ಸನಿ ರಾಜ್ಯದ ಅಂದಿನ ಮುಖ್ಯಸ್ಥ ಅರ್ನ್ಸ್ಟ್ ಆಲ್ಬ್ರೆಕ್ಟ್ ಘೋಷಿಸಿದ್ದು 1977ರ ಫೆಬ್ರವರಿ 22ರಂದು. ಎರಡು ವರ್ಷಗಳ ನಂತರ, ಇದನ್ನು ವಿರೋಧಿಸಿ, ರೈತರು ಟ್ರ್ಯಾಕ್ಟರುಗಳಲ್ಲಿ ರಾಜ್ಯದ ರಾಜಧಾನಿ ಹ್ಯಾನೋವರ್‌ವರೆಗೆ ಹೋದರು. ಬಳಸಿದ ಅಣು ಇಂಧನವನ್ನು ಮತ್ತೆ ಬಳಸುವಂತೆ ಸಂಸ್ಕರಿಸುವ ಘಟಕದ ಯೋಜನೆ ಬಿದ್ದುಹೋಯಿತು, ಆದರೆ ನೆಲದಡಿಯ ಉಪ್ಪಿನ ಪದರದಲ್ಲಿ ತ್ಯಾಜ್ಯ ಹೂಳುವ ಆಲೋಚನೆ ಉಳಿಯಿತು. 1988ರಲ್ಲಿ ಕ್ರೈಸ್ತರ ಒಂದು ಗುಂಪು, ಅಂಥದೇ ಮತ್ತೊಂದು ಘಟಕ ಕಟ್ಟಲಾಗುತ್ತಿದ್ದ ದಕ್ಷಿಣದ ವಾಕರ್ಸ್‌ಡೋರ್ಫ್‌ನಿಂದ ಇಲ್ಲಿಯವರೆಗೆ ಶಿಲುಬೆಯನ್ನು ಹೊತ್ತು ನಡೆದು ಬಂತು. ಮರುವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಆ ಉಪ್ಪಿನ ಪದರವನ್ನು ಪರೀಕ್ಷಿಸಲು ತೋಡಿದ ಗಣಿಯ ಸಮೀಪದ ಕಾಡಿನಲ್ಲಿ, ಮರದ ಶಿಲುಬೆಗಳ ಬಳಿ, ಜನ ಸೇರತೊಡಗಿದರು.

ಅಲ್ಲಿ ನಡೆಯುವುದು ತೀರಾ ಸರಳ. ಬೈಬಲಿನ ಒಂದು ಭಾಗ, ಒಂದು ಹಾಡು, ಸ್ವಲ್ಪ ಹೊತ್ತಿನ ಮೌನ. ನಡೆಸಿಕೊಡಲು ಪಾದ್ರಿಯೇ ಬೇಕೆಂದಿಲ್ಲ. ಲುಥೆರನ್, ಕ್ಯಾಥೊಲಿಕ್ ಎಂಬ ಗೆರೆಯೂ ಇಲ್ಲ. ಬಂದವರು ಎಷ್ಟೇ ಕಡಿಮೆಯಿದ್ದರೂ ಪ್ರಾರ್ಥನೆ ನಡೆಯುತ್ತದೆ, ಮತ್ತು ನನ್ನ ಉತ್ತರದ ತಿರುಳು ಇರುವುದು ಇಲ್ಲೇ. ಮೆರವಣಿಗೆಗೆ ಜನಸಂಖ್ಯೆ ಬೇಕು, ಹಳಿ ತಡೆಯಲು ಬರಲಿರುವ ರೈಲು ಬೇಕು. 1995ರಿಂದ 2011ರವರೆಗೆ ಕ್ಯಾಸ್ಟೋರ್ ಎಂಬ ಬೃಹತ್ ಲೋಹದ ಪೀಪಾಯಿಗಳಲ್ಲಿ ತ್ಯಾಜ್ಯ ಬಂದಾಗಲೆಲ್ಲ ಸಾವಿರಾರು ಜನ, ಸಾವಿರಾರು ಪೊಲೀಸರು ಎದುರುಬದುರಾದರು, ರೈಲು ಹೋದ ಮೇಲೆ ಚದುರಿದರು. ಪ್ರಾರ್ಥನೆಗೆ ರೈಲು ಬೇಕಿರಲಿಲ್ಲ. ಜರ್ಮನಿಯ ಕಾನೂನು ಇಂದು ಹತ್ತು ಲಕ್ಷ ವರ್ಷ ತ್ಯಾಜ್ಯವನ್ನು ಕಾಯಬಲ್ಲ ನೆಲವನ್ನು ಹುಡುಕಲು ಹೇಳುತ್ತದೆ. ಅಂಥ ವಸ್ತುವಿನ ಎದುರು ನಿಲ್ಲಬೇಕಾದ ಪ್ರತಿಭಟನೆಗೆ ಕೊನೆಯ ದಿನಾಂಕ ಇರಬಾರದು ಎಂದು ನಾನು ನಂಬುತ್ತೇನೆ. ವಾರಕ್ಕೊಮ್ಮೆ, ಮಳೆಯೋ ಹಿಮವೋ, ಅದೇ ಜಾಗಕ್ಕೆ ಬಂದು ನಿಲ್ಲುವ ರೂಢಿ ಆ ಕಾಲಮಾನಕ್ಕೆ ಸ್ವಲ್ಪವಾದರೂ ಹೊಂದುತ್ತದೆ.

2020ರ ಸೆಪ್ಟೆಂಬರ್ 28ರಂದು ಗೋರ್ಲೆಬೆನ್ ತ್ಯಾಜ್ಯದ ಶಾಶ್ವತ ಸಂಗ್ರಹಕ್ಕೆ ಪರಿಶೀಲಿಸಬೇಕಾದ ಜಾಗಗಳ ಪಟ್ಟಿಯಿಂದ ಹೊರಬಿತ್ತು. ಪ್ರಾರ್ಥನೆ ಫಲಿಸಿತೆಂದು ನಾನು ಹೇಳುವುದಿಲ್ಲ, ಕಾರಣ ಭೂವೈಜ್ಞಾನಿಕ. ಉಪ್ಪಿನ ಮೇಲಿನ ಶಿಲಾಪದರ ಸಾಕಷ್ಟು ರಕ್ಷಣೆ ಕೊಡುವುದಿಲ್ಲ ಎಂಬ ಈ ದೋಷವನ್ನು ಭೂವಿಜ್ಞಾನಿ ಕ್ಲೌಸ್ ದುಪ್‌ಹೋರ್ನ್ 1980ರ ದಶಕದಲ್ಲೇ ಎತ್ತಿ ತೋರಿಸಿದ್ದರು. ಆ ಎಚ್ಚರಿಕೆ ಕಡತದಲ್ಲಿ ಮುಚ್ಚಿಹೋಗದಂತೆ, ಜನರ ನೆನಪಿನಲ್ಲಿ ಜೀವಂತವಾಗಿ ಉಳಿಯುವಂತೆ ನೋಡಿಕೊಂಡವರಲ್ಲಿ ರೈತರು, ವಕೀಲರು ಹೇಗಿದ್ದರೋ ಹಾಗೆಯೇ ಈ ಭಾನುವಾರದವರೂ ಇದ್ದರು.

ಹಳ್ಳಿಯ ಪಕ್ಕದ ಉಗ್ರಾಣದಲ್ಲಿ 113 ಕ್ಯಾಸ್ಟೋರ್‌ಗಳು ಇನ್ನೂ ನಿಂತಿವೆ. ಆ ಉಗ್ರಾಣದ ಪರವಾನಗಿ 2034ಕ್ಕೆ ಮುಗಿಯುತ್ತದೆ, ಶಾಶ್ವತ ಜಾಗವಿನ್ನೂ ನಿರ್ಧಾರವಾಗಿಲ್ಲ. ತಮ್ಮೂರಿನ ಹೆಸರು ಪಟ್ಟಿಯಿಂದ ಅಳಿಸಿದ ಮೇಲೂ, ಬೇರೆ ಯಾರದೋ ಊರಿನ ಪಾಲಿಗೆ ಬರಲಿರುವ ತ್ಯಾಜ್ಯಕ್ಕಾಗಿ, ಆ ಜನ ಶಿಲುಬೆಗಳ ಬಳಿ ಸೇರುವುದನ್ನು ಬಿಟ್ಟಿಲ್ಲ.