ಕುದುರೆಮುಖ ಹತ್ತಿ ಬಂದ್ವಿ
ಮುಳ್ಳೋಡಿಯಿಂದ ಬೆಳಗ್ಗೆ ಹೊರಟ್ವಿ, ಒಂಟಿಮರ ದಾಟೋಷ್ಟರಲ್ಲೇ ಮಂಜು ಮುತ್ಕೊಂಡು ಮುಂದೆ ಹೋಗ್ತಿದ್ದ ಗೈಡ್ ಬ್ಯಾಗ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ, ಕಾಲಿಗೆ ಉಪ್ಪು ಸವರ್ಕೊಂಡಿದ್ರೂ ಇಂಬಳ ಸಾಕ್ಸ್ ಒಳಗೆ ಹೊಕ್ಕಿ ಹಿಮ್ಮಡಿ ಹತ್ರ ದ್ರಾಕ್ಷಿ ಥರ ಊದ್ಕೊಂಡಿತ್ತು. ಆದ್ರೆ 1894 ಮೀಟರ್ ಎತ್ತರದ ತುದೀಲಿ ಐದೇ ನಿಮಿಷ ಮಂಜು ಸರಿದಾಗ ಕಂಡ ಆ ಹಸಿರು ಇದ್ಯಲ್ಲ, ಮೇಲೆಲ್ಲ ಹುಲ್ಲು, ಕಣಿವೆ ಮಡಿಲಲ್ಲಿ ಮಾತ್ರ ಕಪ್ಪಗೆ ಶೋಲಾ, ಅಂದ್ರೆ ಗಿಡ್ಡ ಮರಗಳ ದಟ್ಟ ಕಾಡು, ಅಬ್ಬಾ!

ಆ ಹುಲ್ಲೂ ಶೋಲಾನೂ ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡೋದ್ರಿಂದ್ಲೇ ತುಂಗಾ, ಭದ್ರಾ, ನೇತ್ರಾವತಿಗೆ ನೀರು. ಇದೇ ಬೆಟ್ಟಸಾಲಲ್ಲಿ ವರ್ಷಗಟ್ಟಲೆ ಕಬ್ಬಿಣದ ಅದಿರು ತೆಗೀತಿದ್ರು, 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಆದ್ಮೇಲೂ ನಡೀತು, ಜನ ಹೋರಾಡಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೇಲಿ ನಿಂತಿದ್ದು. ಹೋಗೋರು ದಯವಿಟ್ಟು ಪ್ಲಾಸ್ಟಿಕ್ ವಾಪಸ್ ತನ್ನಿ.