ಪರಿಷೆಯಲ್ಲಿ ಸಿಕ್ಕ ಒಂದು ಹಿಡಿ ಕೊಸರು

ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ 2024ರಲ್ಲಿ ನಾವು ಹೋಗಿದ್ದು ನವೆಂಬರ್ 25ರ ಸಂಜೆ ಏಳು ಗಂಟೆಗೆ. ಕಾರ್ತಿಕದ ಕಡೇ ಸೋಮವಾರ, ಅಂದರೆ ಜನ ಅತಿ ಹೆಚ್ಚು ಸೇರುವ ದಿನ, ಅತಿ ಹೆಚ್ಚು ಸೇರುವ ಹೊತ್ತು. ನನ್ನ ಗಂಡ ಆಫೀಸು ಮುಗಿಸಿ ಬರುವಾಗ ಅಷ್ಟಾಗಿತ್ತು. ಕಾರು ನಿಲ್ಲಿಸಲು ಜಾಗ ಹುಡುಕುತ್ತ ಗಾಂಧಿ ಬಜಾರಿನ ಅಡ್ಡರಸ್ತೆಗಳನ್ನೆಲ್ಲ ಎರಡೆರಡು ಸಲ ಸುತ್ತಿದೆವು. ರಾಮಕೃಷ್ಣ ಆಶ್ರಮದ ಸರ್ಕಲ್ ದಾಟಿದ ಮೇಲೆ ನಾವಾಗಿ ನಡೆಯಲೇ ಇಲ್ಲ, ಹಿಂದಿನವರು ತಳ್ಳಿದ ಕಡೆಗೆ ಹೋದೆವು. ಆಗ ಮಗನಿಗೆ ಎಂಟು ವರ್ಷ. ಅವನ ಎತ್ತರಕ್ಕೆ ಪರಿಷೆಯಲ್ಲಿ ಕಾಣುತ್ತಿದ್ದದ್ದು ಬರೀ ಬೆನ್ನುಗಳು, ಕೈಚೀಲಗಳು. ಕಿವಿಯ ಪಕ್ಕದಲ್ಲೇ ಯಾರೋ ಪೀಪಿ ಊದಿದಾಗ ಬೆಚ್ಚಿಬಿದ್ದು ಅಳಲು ಶುರು ಮಾಡಿದ. ಅರ್ಧ ದಾರಿಗೇ ತಿರುಗಿದೆವು. ಗುಡಿಯ ಬಸವನ ಮುಖ ನೋಡಲಿಲ್ಲ. ಕೈಯಲ್ಲಿ ಹುರಿದ ಕಡಲೆಕಾಯಿಯ ಒಂದು ಪೊಟ್ಟಣ ಮಾತ್ರ ಇತ್ತು.

ಆ ಸಂಜೆ ಅಪ್ಪ ನಮ್ಮ ಮನೆಯಲ್ಲೇ ಇದ್ದರು, ಮಂಡಿನೋವಿಗೆ ಡಾಕ್ಟರಿಗೆ ತೋರಿಸಲು ಊರಿಂದ ಬಂದವರು. ಹೊರಡುವಾಗ ನಾನೇ ಹೇಳಿದ್ದೆ, "ಜನ ಜಾಸ್ತಿ ಅಪ್ಪಾ, ನಿಮಗ್ಯಾಕೆ ಕಷ್ಟ, ಟೀವಿ ನೋಡ್ತಾ ಇರಿ." ಅವರು ಆಗಲಿ ಅಂದರು. ವಾಪಸು ಬಂದಾಗ ಪೊಟ್ಟಣ ಬಿಡಿಸಿ ಒಂದು ಕಾಯಿ ಬಾಯಿಗೆ ಹಾಕಿಕೊಂಡು, "ಹದವಾಗಿ ಹುರಿದವ್ರೆ" ಎಂದಷ್ಟೇ ಹೇಳಿ, ಪೊಟ್ಟಣವನ್ನು ಮೊದಲಿದ್ದ ಹಾಗೇ ಮಡಚಿ ಇಟ್ಟರು. ಆ ಮಡಚಿದ ಪೊಟ್ಟಣ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಚಿಂತಾಮಣಿ ಕಡೆಯ ನಮ್ಮ ಹೊಲದಲ್ಲಿ ನಲವತ್ತು ವರ್ಷ ಕಡಲೆಕಾಯಿ ಬೆಳೆದ ಮನುಷ್ಯನನ್ನು ಮನೆಯಲ್ಲಿ ಬಿಟ್ಟು ನಾವು ಕಡಲೆಕಾಯಿ ಪರಿಷೆಗೆ ಹೋಗಿಬಂದಿದ್ದೆವು.

2025ರಲ್ಲಿ ಪರಿಷೆ ನವೆಂಬರ್ 17ರ ಸೋಮವಾರ ಶುರುವಾಗಿ ಐದು ದಿನ ಇತ್ತು. ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಇದ್ದರು, ಆಪರೇಷನ್ ಆಗಿ ತಿಂಗಳ ಮೇಲಾಗಿತ್ತು. ಈ ಸಲ ಲೆಕ್ಕ ಬೇರೆ ಹಾಕಿದೆ. ಸೋಮವಾರ ಬೇಡ, ಮಂಗಳವಾರ. ಸಂಜೆ ಬೇಡ, ಬೆಳಗ್ಗೆ. ಕಾರು ಬೇಡವೇ ಬೇಡ. ಮಗನಿಗೆ ಶಾಲೆಗೆ ಒಂದು ದಿನ ರಜೆ ಹಾಕಿಸಿದೆ, ಅದರ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದೆವು. ಸ್ಟೇಷನ್ನಿನಲ್ಲಿ ಲಿಫ್ಟ್ ಇರುವುದರಿಂದ ಅಪ್ಪನ ಮಂಡಿಗೆ ತೊಂದರೆಯಾಗಲಿಲ್ಲ. ಅಲ್ಲಿಂದ ಆಶ್ರಮದವರೆಗೆ ಆಟೊ. ಆರೂಮುಕ್ಕಾಲಿಗೆ ನಾವು ಬುಲ್ ಟೆಂಪಲ್ ರಸ್ತೆಯಲ್ಲಿದ್ದೆವು.

ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುವವರು ಪರಿಷೆಯನ್ನು ಆ ಹೊತ್ತಿನಲ್ಲಿ ನೋಡಬೇಕು. ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿಗಳು ಟಾರ್ಪಾಲಿನಡಿ ಇನ್ನೂ ಮಲಗಿದ್ದವು. ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದ ರೈತರು ಒಬ್ಬೊಬ್ಬರಾಗಿ ಏಳುತ್ತಿದ್ದರು. ಯಾರೋ ಬಾಣಲೆಯ ಮರಳಿಗೆ ಬೆಂಕಿ ಹಾಕುತ್ತಿದ್ದರು, ಇನ್ಯಾರೋ ದೊಡ್ಡ ಹಂಡೆಯಲ್ಲಿ ಕಾಯಿ ಬೇಯಲು ಇಟ್ಟಿದ್ದರು. ಹಬೆಗೆ ಮಣ್ಣಿನ ವಾಸನೆ ಇತ್ತು. ಬೆಂಡು ಬತ್ತಾಸಿನ ಅಂಗಡಿಗಳು, ಗಿರಿಗಿಟ್ಟಲೆ ಮಾರುವವರು ಇನ್ನೂ ಬಾಗಿಲು ತೆಗೆದಿರಲಿಲ್ಲ, ಮಗನಿಗೆ ಅದೊಂದೇ ಬೇಜಾರು. ಅಪ್ಪ ಮಾತ್ರ ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ರಾಶಿ ನೋಡುತ್ತ ನಡೆದರು. ನಮ್ಮ ಮನೆಯಲ್ಲಿ ಅವರು ಹಾಗೆ ನಡೆದದ್ದನ್ನು ನಾನು ನೋಡಿಲ್ಲ. ಹೊಲದ ಬದುವಿನ ಮೇಲಿನ ನಡಿಗೆ ಅದು.

ಒಂದು ರಾಶಿಯ ಮುಂದೆ ನಿಂತುಬಿಟ್ಟರು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಟಾರ್ಪಾಲು ಸರಿಸುತ್ತಿದ್ದರು. ಅಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಅದರ ಮೂತಿಗೆ ಹೆಬ್ಬೆರಳಿಟ್ಟು ಒತ್ತಿದರು, ಟಕ್ ಅಂತ ಎರಡು ಹೋಳಾಯಿತು. ಬೀಜವನ್ನು ಮೊಮ್ಮಗನ ಕೈಗೆ ಕೊಟ್ಟು, ಅವರು ಸಿಪ್ಪೆಯ ಒಳಗಡೆಯನ್ನು ನೋಡುತ್ತಿದ್ದರು.

"ಸಿಪ್ಪೇಲೇನಿದೆ ತಾತ?"

"ಒಳಗೆ ಕಂದು ಬಣ್ಣ ತಿರುಗೈತೆ ನೋಡು. ಬಲಿತ ಕಾಯಿ. ಬೆಳ್ಳಗಿದ್ರೆ ಅವಸರಕ್ಕೆ ಕಿತ್ತವ್ರೆ ಅಂತ ಅರ್ಥ."

ನನಗೆ ಈಗ ನಲವತ್ತೊಂದು. ಅದೇ ಹೊಲದ ಕಡಲೆಕಾಯಿ ತಿಂದು ಬೆಳೆದವಳು. ಸಿಪ್ಪೆಯ ಒಳಗೋಡೆಯಲ್ಲಿ ಕಾಯಿಯ ವಯಸ್ಸು ಬರೆದಿರುತ್ತದೆ ಎಂದು ನಾನು ತಿಳಿದದ್ದು ಆವತ್ತು.

"ಯಾವೂರಮ್ಮ ನಿಮ್ದು?"

"ಶ್ರೀನಿವಾಸಪುರದ ಹತ್ರ, ಅಣ್ಣ. ನಿಮ್ದು?"

"ಚಿಂತಾಮಣಿ."

ಅಷ್ಟೇ ಸಾಕಾಯಿತು. ಆ ಹೆಂಗಸು ಒಂದು ಖಾಲಿ ಗೋಣಿಚೀಲ ಮಡಚಿ ಹಾಸಿದರು, ಅಪ್ಪ ಮಂಡಿನೋವು ಮರೆತು ಅದರ ಮೇಲೆ ಕೂತರು. ಮುಂದಿನ ಅರ್ಧ ಗಂಟೆ ಅವರಿಬ್ಬರ ಮಾತು ಮಳೆಯ ಮೇಲೆ, ಕಳೆಯ ಮೇಲೆ, ಕಾಯಿ ಕೀಳಲು ಆಳು ಸಿಗದಿರುವುದರ ಮೇಲೆ, ರಾತ್ರಿ ಹೊಲಕ್ಕೆ ನುಗ್ಗುವ ಹಂದಿಗಳ ಮೇಲೆ ಓಡಿತು. ನಮ್ಮ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ, ಕಾಲುವೆಯಿಲ್ಲ. ಮುಂಗಾರಿನಲ್ಲಿ ಬಿತ್ತಿದರೆ ಮಳೆ ನಂಬಿಕೊಂಡು ನಾಲ್ಕು ತಿಂಗಳು ಕಾಯಬೇಕು. ಈಗ ಬೋರ್‌ವೆಲ್ ನೀರಿರುವವರೆಲ್ಲ ಟೊಮೆಟೊ, ಹಿಪ್ಪುನೇರಳೆ ಕಡೆ ಹೊರಳಿದ್ದಾರೆ. ಅಪ್ಪನೂ ಕಡಲೆಕಾಯಿ ಬಿತ್ತುವುದು ಬಿಟ್ಟು ಮೂರು ವರ್ಷ ಆಯಿತು. ಅದನ್ನು ಅವರು ನನಗೆ ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಆ ಹೆಂಗಸಿಗೆ ಹೇಳಿದರು. "ಬಿಡಬಾರದಾಗಿತ್ತು" ಅಂದರು. ಆಕೆ ಏನೂ ಹೇಳದೆ ರಾಶಿಯನ್ನು ಅಂಗೈಯಿಂದ ಸವರಿ ಸಮ ಮಾಡಿದರು.

ಅಂಗಡಿಯ ಗಳಕ್ಕೆ ಕಾಯಿ ಸಮೇತ ಕಿತ್ತ ಒಂದು ಗಿಡ ಕಟ್ಟಿದ್ದರು. ಮಗ ಅದನ್ನೇ ನೋಡುತ್ತಿದ್ದ. "ಇದು ಬೇರಲ್ಲಿ ಬಿಡುತ್ತಾ, ಆಲೂಗಡ್ಡೆ ಥರ?"

ಅಪ್ಪ ಗಿಡ ಬಿಚ್ಚಿಸಿಕೊಂಡು ತೊಡೆಯ ಮೇಲಿಟ್ಟುಕೊಂಡರು. "ಬೇರಲ್ಲ ಮರಿ. ಹಳದಿ ಹೂವು ಮೇಲೇ ಬಿಡೋದು, ಎಲೆ ಸಂದೀಲಿ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿ ಥರ ಒಂದು ಎಳೆ ಬರ್ತದೆ. ಅದು ಬಗ್ಗಿ ಬಗ್ಗಿ ಮಣ್ಣಿಗೆ ಇಳೀತದೆ. ಇಳಿದ ಮೇಲೇ ಕಾಯಿ." ಒಣಗಿದ ಎಳೆಯೊಂದನ್ನು ಹಿಡಿದು ಕಾಯಿಯಿಂದ ಕಾಂಡದವರೆಗೆ ಅವನ ಬೆರಳನ್ನು ನಡೆಸಿದರು. "ಮಣ್ಣು ಗಟ್ಟಿಯಾಗಿದ್ರೆ ಸೂಜಿ ಇಳಿಯಲ್ಲ. ಅದಕ್ಕೇ ಹೂವು ಬಿಡೋ ಹೊತ್ತಿಗೆ ಬುಡ ಸಡಿಲ ಮಾಡ್ಬೇಕು, ಜಿಪ್ಸಂ ಹಾಕ್ಬೇಕು. ಇಳಿಯೋಕೆ ಶುರುವಾದ ಮೇಲೆ ಗಿಡ ಅಲ್ಲಾಡಿಸಬಾರದು."

ಮಗ ಶಾಲೆಯಲ್ಲಿ ಕೇಳಿದ್ದನ್ನು ನೆನಪು ಮಾಡಿಕೊಂಡ. "ತಾತ, ಕಡಲೆಕಾಯಿ ನಮ್ದಲ್ವಂತೆ. ದಕ್ಷಿಣ ಅಮೆರಿಕದ್ದಂತೆ." ಅದು ನಿಜ. ಸಮುದ್ರ ದಾಟಿ ಬಂದ ಬೆಳೆಯೇ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಮ್ಮಪ್ಪ ಬಿತ್ತಿದ್ದ, ಅವರಪ್ಪ ಬಿತ್ತಿದ್ದ. ಇಷ್ಟು ವರ್ಷ ಉತ್ತು ಬಿತ್ತು ಉಂಡ ಮೇಲೂ ನಮ್ದಾಗಲಿಲ್ವಾ?" ಎಂದು ಅವನನ್ನೇ ಕೇಳಿದರು. ಅವನು, "ಆಯ್ತು ತಾತ, ನಮ್ದೇ" ಅಂದ.

ಮೂರು ಸೇರು ಹಸಿಕಾಯಿ ತೆಗೆದುಕೊಂಡೆವು. ಆಕೆ ಅಳೆಯುವಾಗ ಮೊದಲನೇ ಸೇರಿಗೆ ಒಂದು ಅನ್ನಲಿಲ್ಲ, "ಲಾಭ" ಅಂದರು, ಆಮೇಲೆ ಎರಡು, ಮೂರು. ನನ್ನ ಅಜ್ಜಿ ರಾಗಿ ಅಳೆಯುವಾಗ ಹೀಗೇ ಎಣಿಸುತ್ತಿದ್ದಳು, ಆ ಶಬ್ದ ಕೇಳಿ ಎಷ್ಟು ವರ್ಷವಾಗಿತ್ತೋ. ಮನೆಯಿಂದ ತಂದಿದ್ದ ಬಟ್ಟೆಚೀಲಕ್ಕೆ ಸುರಿದರು. ನಾನು ದುಡ್ಡು ಕೊಟ್ಟು ಏಳಬೇಕು, ಅಪ್ಪ, "ಕೊಸರು?" ಎಂದರು. ಆಕೆಯ ಮುಖ ಅರಳಿತು. ಬೊಗಸೆ ತುಂಬ ತೆಗೆದು ಮಗನ ಕಡೆ ನೀಡಿದರು. ಅವನ ಕೈಯಲ್ಲಿ ಹಿಡಿಸಲಿಲ್ಲ, ಉಳಿದದ್ದನ್ನು ಅಪ್ಪ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

ಬಸವನ ಗುಡಿಗೆ ಮೆಟ್ಟಿಲು ಹತ್ತುವುದು ಅಪ್ಪನಿಗೆ ಸುಲಭವಾಗಲಿಲ್ಲ. ನಾಲ್ಕು ಹತ್ತಿ ನಿಲ್ಲುವುದು, ಮತ್ತೆ ನಾಲ್ಕು. ಯಾರೂ ಹಿಂದಿನಿಂದ ತಳ್ಳಲಿಲ್ಲ, ಆ ಹೊತ್ತಿಗೆ ಸಾಲೂ ಚಿಕ್ಕದು. ನನ್ನ ಗಂಡ ಪಕ್ಕದಲ್ಲೇ ಇದ್ದು, ಕೈ ಹಿಡಿಯದೆ, ಬೇಕೆಂದರೆ ಸಿಗುವಷ್ಟು ಹತ್ತಿರದಲ್ಲಿ ನಡೆದರು. ಅದಕ್ಕೆ ನಾನು ಅವರಿಗೆ ಋಣಿ. ಕೈ ಹಿಡಿದಿದ್ದರೆ ಅಪ್ಪ ಮಧ್ಯದಲ್ಲೇ ಸಾಕು ಅನ್ನುತ್ತಿದ್ದರು.

ಒಳಗೆ ಬಸವ. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಪ್ಪಗೆ ಮಿರಮಿರ ಮಿಂಚುತ್ತ ಕೂತಿದೆ. ಮಗ ತಲೆ ಹಿಂದಕ್ಕೆ ಬಾಗಿಸಿ ಬಾಯಿ ತೆರೆದು ನೋಡಿದ. ಹಿಂದಿನ ವರ್ಷ ಇದನ್ನೇ ತೋರಿಸಲಾಗದೆ ಅವನನ್ನು ಅಳಿಸಿಕೊಂಡು ವಾಪಸು ಕರೆದೊಯ್ದಿದ್ದೆ. ಅಪ್ಪ ಅವನಿಗೆ ಕಥೆ ಹೇಳಿದರು. ಸುಂಕೇನಹಳ್ಳಿ, ಮಾವಳ್ಳಿ ಕಡೆಯ ರೈತರ ಹೊಲಕ್ಕೆ ರಾತ್ರಿ ಹೊತ್ತು ಒಂದು ಬಸವ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದದ್ದು, ಕಾದು ಕೂತ ರೈತ ದೊಣ್ಣೆ ಬೀಸಿದ್ದು, ಬಸವ ಅಲ್ಲೇ ಕಲ್ಲಾದದ್ದು, ಪಶ್ಚಾತ್ತಾಪಪಟ್ಟ ರೈತರು ಇನ್ನು ಮೇಲೆ ಮೊದಲ ಫಸಲು ನಿನಗೇ ಎಂದು ಮಾತು ಕೊಟ್ಟದ್ದು. ಎಲ್ಲರಿಗೂ ಗೊತ್ತಿರುವ ಕಥೆ. ಅಪ್ಪ ಹೇಳುವಾಗ ನಾನು ಗಮನಿಸಿದ್ದು, ಅವರು ದೊಣ್ಣೆ ಬೀಸಿದ ರೈತನನ್ನು ಬೈಯಲಿಲ್ಲ. "ಪಾಪ, ಅವನಿಗೂ ಹೊಟ್ಟೆಗೆ ಬೇಕಲ್ಲ" ಎಂದರು. ಇವತ್ತಿಗೂ ಹಂದಿ ಕಾಯಲು ಹೊಲದಲ್ಲಿ ರಾತ್ರಿ ಕಳೆಯುವವರಿಗೆ ಆ ಕಥೆ ಹಳೆಯದಲ್ಲ.

ಬಸವನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆಂಬ ನಂಬಿಕೆಯನ್ನು ನಾನು ಹೇಳಿದೆ. ಮಗ ತಕ್ಷಣ, "ಮೈಸೂರು ರೋಡಲ್ಲಿ ವಾಸನೆ ಬರುತ್ತಲ್ಲ, ಅದಾ?" ಎಂದು ಕೇಳಿದ. ಹೌದು, ಅದೇ. ಹೇಳಲು ನಾಚಿಕೆಯಾಯಿತು, ಆದರೆ ಸುಳ್ಳು ಹೇಳಲಿಲ್ಲ.

ಗುಡಿಯಿಂದ ಇಳಿದು ದೊಡ್ಡ ಗಣಪತಿಗೆ ಕೈಮುಗಿದು, ನನ್ನ ಗಂಡ ಅಲ್ಲಿಂದಲೇ ಆಫೀಸಿಗೆ ಹೊರಟರು. ನಾವು ಮೂವರು ಬ್ಯೂಗಲ್ ರಾಕ್ ಪಾರ್ಕಿನ ಬಂಡೆಯ ಮೇಲೆ ಕೂತೆವು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಬೆಳಗಿನ ಚಳಿಗೆ ತಣ್ಣಗಿತ್ತು, ಕೂತ ಜಾಗ ಮಾತ್ರ ನಿಧಾನವಾಗಿ ಬೆಚ್ಚಗಾಯಿತು. ಬೇಯಿಸಿದ ಕಾಯಿ ಸುಲಿದು ತಿಂದೆವು. ಸಿಪ್ಪೆಯೊಳಗಿನ ಉಪ್ಪುನೀರು ಹೀರುವುದನ್ನು ಅಪ್ಪ ಮೊಮ್ಮಗನಿಗೆ ಕಲಿಸಿದರು. ಅವನು ಪ್ರತಿ ಸಿಪ್ಪೆಯನ್ನೂ ಬೆಳಕಿಗೆ ಹಿಡಿದು ಬಲಿತದ್ದೋ ಎಳೆಯದೋ ಎಂದು ಹೇಳತೊಡಗಿದ. ಒಂಬತ್ತು ಗಂಟೆಗೆ ಜನ ಸೇರತೊಡಗಿದರು, ಪೀಪಿಗಳೂ ಶುರುವಾದವು. ಎದ್ದೆವು. ಗಿರಿಗಿಟ್ಟಲೆ ಅಂಗಡಿ ಅಷ್ಟೊತ್ತಿಗೆ ತೆರೆದಿತ್ತು, ಅದೂ ಆಯಿತು.

ರಾತ್ರಿ ಬಟ್ಟೆ ಒಗೆಯಲು ಹಾಕುವ ಮುಂಚೆ ಅಪ್ಪನ ಅಂಗಿಯ ಜೇಬು ನೋಡಿದೆ. ಕೊಸರಿನ ಕಾಯಿಗಳು ಹಾಗೇ ಇದ್ದವು. ಕೊಡಲು ಹೋದರೆ, "ಎಸೀಬೇಡ, ಅವು ಬಿತ್ತನೆಗೆ" ಎಂದರು. ಮಾರನೇ ದಿನ ಬೆಳಗ್ಗೆ ಬಾಲ್ಕನಿಯಲ್ಲಿ ಒಣಗಿದ್ದ ತುಳಸಿಯ ಎರಡು ಕುಂಡಗಳ ಮಣ್ಣು ಅಗೆದು, ಮರಳು ಬೆರೆಸಿ, ತಾತ ಮೊಮ್ಮಗ ಇಬ್ಬರೂ ಕಾಯಿ ಸುಲಿದು ನಾಲ್ಕು ನಾಲ್ಕು ಬೀಜ ಹಾಕಿದರು. ಕೆಂಪು ಪೊರೆ ಹರಿಯದ ಹಾಗೆ ಸುಲಿಯಬೇಕೆಂದು ಅಪ್ಪ ಎರಡು ಸಲ ಹೇಳಿದರು.

ಡಿಸೆಂಬರ್ ಎರಡನೇ ವಾರದಲ್ಲಿ ಅಪ್ಪ ಊರಿಗೆ ಹೋದರು. ಎಂಟರಲ್ಲಿ ಐದು ಮೊಳೆತಿದ್ದವು. ಜನವರಿಯಲ್ಲಿ ಹಳದಿ ಹೂವು ಬಂತು. ಮಗ ಶಾಲೆಗೆ ಹೊರಡುವ ಮುಂಚೆ ನೆಲಕ್ಕೆ ಕೆನ್ನೆ ತಾಗಿಸಿ ಕುಂಡದ ಒಳಗೆ ನೋಡುವುದು ರೂಢಿಯಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಶೂ ಹಾಕಿಕೊಳ್ಳುತ್ತಿದ್ದವನು ಒಂದೇ ಕಾಲಿಗೆ ಹಾಕಿ ಒಳಗೆ ಓಡಿಬಂದ, ನನ್ನ ಫೋನು ಕಿತ್ತುಕೊಂಡ. ಆ ಕಡೆ ಅಪ್ಪ ಎತ್ತಿದ ತಕ್ಷಣ ಕೂಗಿದ, "ತಾತ, ಸೂಜಿ ಇಳೀತಾ ಐತೆ!"

"ಅಲ್ಲಾಡಿಸಬೇಡ" ಎಂದರು ಅಪ್ಪ.