ಬ್ಯಾಂಡ್ ಮುಗಿದ ಮೇಲೆ ಬಂದದ್ದು ಅಸಲಿ ಆಲ್ಬಂ ಹೇಗಾಗುತ್ತದೆ?

ಸ್ಕಾ ಪಂಕ್, ಅಂದರೆ ಜಮೈಕಾದ ಸ್ಕಾ ಸಂಗೀತಕ್ಕೆ ಪಂಕ್ ರಾಕ್ ಬೆರೆಸಿದ್ದು, ಅದನ್ನು ಕೇಳುವುದು ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ ಹೆಸರು: ಆಪರೇಷನ್ ಐವಿ. ಬ್ಯಾಂಡಿನ ಹೆಸರೂ ಅದೇ, 1991ರಲ್ಲಿ ಲುಕ್ಔಟ್ ರೆಕಾರ್ಡ್ಸ್ ತಂದ ಸಿಡಿಯ ಹೆಸರೂ ಅದೇ. ಹುಡುಕಿ ನೋಡಿದವರು ಮತ್ತೆ ಬಂದು ಕೇಳುತ್ತಾರೆ: "ಅಲ್ಲಾ, ಇದು ಬ್ಯಾಂಡ್ ಒಡೆದು ಎರಡು ವರ್ಷ ಆದಮೇಲೆ ಬಂದಿರೋ ಸಂಕಲನ ಅಲ್ವಾ? ಅವರ ಅಸಲಿ ಆಲ್ಬಂ 'ಎನರ್ಜಿ' ಅಂತೆ. ಅದನ್ನ ಬಿಟ್ಟು ಇದನ್ಯಾಕೆ ಹೇಳ್ತೀರಿ?"

ನನ್ನ ಮಟ್ಟಿಗೆ ಸಂಕಲನವೇ ಅಸಲಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಳಗೆ ಏನಿದೆ ನೋಡಿ. ಒಟ್ಟು 27 ಹಾಡು. ಮೊದಲ 19 ಹಾಡುಗಳೇ 1989ರ 'ಎನರ್ಜಿ', ಇಡಿಯಾಗಿ. ಆಮೇಲಿನ ಆರು 1988ರ 'ಹೆಕ್ಟಿಕ್' ಅನ್ನುವ ಇಪಿಯವು, ಅಂದರೆ ಕೆಲವೇ ಹಾಡುಗಳ ಪುಟ್ಟ ರೆಕಾರ್ಡಿನವು. ಕೊನೆಯ ಎರಡು ಇನ್ನೂ ಹಿಂದಿನವು. 'ಮ್ಯಾಕ್ಸಿಮಮ್ ರಾಕ್‌ನ್‌ರೋಲ್' ಪತ್ರಿಕೆಯವರು 1987ರಲ್ಲಿ ತಂದ 'ಟರ್ನ್ ಇಟ್ ಅರೌಂಡ್' ಅನ್ನುವ ಹಲವು ಬ್ಯಾಂಡುಗಳ ರೆಕಾರ್ಡಿನಲ್ಲಿ ಇದ್ದವು. ಅಂದರೆ ಇದು ಚೆನ್ನಾಗಿರುವುದನ್ನು ಹೆಕ್ಕಿ ಜೋಡಿಸಿದ್ದಲ್ಲ. ಕಲಾವಿದರು ಹೋದ ಮೇಲೆ ಅವರ ಪೆಟ್ಟಿಗೆ ತಡಕಿ, ಅವರೇ ಬೇಡ ಅಂತ ಪಕ್ಕಕ್ಕಿಟ್ಟಿದ್ದನ್ನು ಮಾರಾಟಕ್ಕೆ ಇಡುತ್ತಾರಲ್ಲ, ಅಂಥದ್ದೂ ಅಲ್ಲ. ಅಂಥ ಆಲ್ಬಂಗಳು ನನಗೆ ಸುತರಾಂ ಇಷ್ಟವಿಲ್ಲ. ಇಲ್ಲಿರುವುದೆಲ್ಲ ಆ ನಾಲ್ಕು ಜನ ಸೇರಿ ನುಡಿಸಿ, ಹೊರಗೆ ಬರಲಿ ಅಂತ ಒಪ್ಪಿದ್ದು.

ಆ ನಾಲ್ಕು ಜನ ಯಾರೆಂದರೆ, ಹಾಡುಗಾರ ಜೆಸ್ಸಿ ಮೈಕಲ್ಸ್, ಗಿಟಾರಿಗೆ ಟಿಮ್ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರಿಗೆ ಮ್ಯಾಟ್ ಫ್ರೀಮನ್, ಡ್ರಮ್ಸ್‌ಗೆ ಡೇವ್ ಮೆಲ್ಲೊ. ಟಿಮ್ ಮತ್ತು ಮ್ಯಾಟ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಕ್ಕದ ಆಲ್ಬನಿ ಊರಿನ ಬಾಲ್ಯಸ್ನೇಹಿತರು. ಬ್ಯಾಂಡ್ ಶುರುವಾದಾಗ ಜೆಸ್ಸಿಗೆ ಇನ್ನೂ 18. ಬ್ಯಾಂಡಿನ ಹೆಸರು ಬಂದದ್ದು 1952ರಲ್ಲಿ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯಿಂದ. 1987ರ ಮೇ ತಿಂಗಳಲ್ಲಿ ಶುರು, 1989ರ ಮೇನಲ್ಲಿ ಮುಗಿಯಿತು. ಎರಡೇ ವರ್ಷ! ಅಷ್ಟರಲ್ಲಿ 180ಕ್ಕೂ ಜಾಸ್ತಿ ಶೋ ಕೊಟ್ಟರು, ಮ್ಯಾಟ್‌ನ ಹಳೇ ಕ್ರೈಸ್ಲರ್ ಕಾರಿಗೆ ಸಾಮಾನು ತುಂಬಿಕೊಂಡು ಅಮೆರಿಕ ಸುತ್ತಿ ಬಂದರು.

ಈ ಹಾಡುಗಳನ್ನು ಕೇಳುವಾಗ ಒಂದು ಜಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್. 1986ರ ಡಿಸೆಂಬರ್ 31ರ ರಾತ್ರಿ ತೆರೆದ ಜಾಗ. ಹಳೇ ಗೋದಾಮಿನಂಥ ಕಟ್ಟಡ, ನಡೆಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಕುಡಿತ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ, ಬಣ್ಣ-ಲಿಂಗ ನೋಡಿ ಕೀಳು ಮಾಡುವ ಮಾತಿಲ್ಲ. ಎಷ್ಟೇ ವಯಸ್ಸಿನವರೂ ಬರಬಹುದು. ಇದು ಯಾಕೆ ಮುಖ್ಯ ಅಂದರೆ, ಅಮೆರಿಕದಲ್ಲಿ ಬಹಳಷ್ಟು ಬ್ಯಾಂಡುಗಳು ನುಡಿಸುವುದು ಬಾರುಗಳಲ್ಲಿ, 21 ತುಂಬದವರನ್ನು ಅಲ್ಲಿ ಒಳಗೇ ಬಿಡುವುದಿಲ್ಲ. ಗಿಲ್ಮನ್‌ನಲ್ಲಿ ವೇದಿಕೆ ಮೇಲಿದ್ದವರಿಗೂ ಕೆಳಗೆ ಕುಣಿಯುತ್ತಿದ್ದವರಿಗೂ ವಯಸ್ಸಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. 'ಯೂನಿಟಿ' ಹಾಡಿನಲ್ಲಿ ಜೆಸ್ಸಿ ನಮ್ಮನಮ್ಮಲ್ಲೇ ಕಿತ್ತಾಡುವುದು ಸಾಕು ಅಂತ ಕೂಗುವಾಗ ಅದು ಉಪದೇಶದ ಹಾಗೆ ಕೇಳಿಸುವುದಿಲ್ಲ, ಎದುರಿಗೆ ನಿಂತ ಗೆಳೆಯರನ್ನು ಬೇಡಿಕೊಂಡ ಹಾಗಿದೆ.

ಇನ್ನು ಸಂಗೀತ. ಸ್ಕಾ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, 1950ರ ದಶಕದ ಕೊನೆಗೆ. ರೆಗೆಗಿಂತಲೂ ಹಿಂದಿನದು. ಅಲ್ಲಿಂದ ವಲಸೆ ಬಂದವರ ಜೊತೆ ಇಂಗ್ಲೆಂಡಿಗೆ ಹೋಯಿತು. 1979ರ ಹೊತ್ತಿಗೆ ಕವೆಂಟ್ರಿ ಊರಿನಲ್ಲಿ ದ ಸ್ಪೆಷಲ್ಸ್ ಥರದ ಬ್ಯಾಂಡುಗಳು ಅದಕ್ಕೆ ಪಂಕ್‌ನ ಬಿಸಿ ಕೂಡಿಸಿದವು. ಕೇಳಿ ಗುರುತು ಹಿಡಿಯುವುದು ಸುಲಭ. ಆದಿತಾಳ ಹಾಕುವವರಾದರೆ ಕೈಯಲ್ಲಿ ತಾಳ ಹಾಕುತ್ತಾ ಕೇಳಿ: ಗಿಟಾರಿನ ಏಟು ನಿಮ್ಮ ಪೆಟ್ಟಿನ ಮೇಲೆ ಬೀಳುವುದಿಲ್ಲ, ಎರಡು ಪೆಟ್ಟುಗಳ ನಟ್ಟ ನಡುವೆ ಚಕ್ ಚಕ್ ಅಂತ ಬೀಳುತ್ತದೆ. ಕಾಲು ತಾನಾಗಿಯೇ ಏಳುವುದು ಅದಕ್ಕೇ. ಜಮೈಕಾದವರ ಬಳಿ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ದೊಡ್ಡ ಗುಂಪೇ ಇರುತ್ತಿತ್ತು. ಈ ಹುಡುಗರ ಬಳಿ ಅದಿಲ್ಲ, ಒಂದು ಹಾಡಿನಲ್ಲಿ ಮಾತ್ರ ಸ್ಯಾಕ್ಸೊಫೋನ್ ಬಂದು ಹೋಗುತ್ತದೆ. ಉಳಿದ ಕಡೆಯೆಲ್ಲ ಆ ಖಾಲಿ ಜಾಗವನ್ನು ತುಂಬುವುದು ಮ್ಯಾಟ್‌ನ ಬೇಸ್. ಸುಮ್ನೆ ಶ್ರುತಿ ಹಿಡಿದು ಕೂರುವ ಬೇಸ್ ಅಲ್ಲ ಅದು. ಮೇಲೆ ಕೆಳಗೆ ಓಡಾಡುತ್ತಾ ತನ್ನದೇ ಇನ್ನೊಂದು ರಾಗ ಕಟ್ಟುತ್ತದೆ. ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಅರ್ಧ ಹಾಡು ಅಲ್ಲೇ ಹೋಗುತ್ತದೆ.

'ಎನರ್ಜಿ'ಯನ್ನು ಮೊದಲು ಗಿಲ್ಮನ್‌ನಲ್ಲೇ ರೆಕಾರ್ಡ್ ಮಾಡಲು ನೋಡಿದರು. ಸರಿಹೋಗಲಿಲ್ಲ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಸ್ಟುಡಿಯೊದಲ್ಲಿ ನಿರ್ಮಾಪಕ ಕೆವಿನ್ ಆರ್ಮಿ ಜೊತೆ ಕೂತು ಮುಗಿಸಿದರು. ಆದರೂ ನುಣುಪಾಗಿಲ್ಲ, ಜೆಸ್ಸಿಯ ಗಂಟಲು ಕೆರೆದುಕೊಂಡ ಹಾಗೇ ಇದೆ. ಇದನ್ನು ತೊಳೆದು ಒರೆಸಿ ಕೊಟ್ಟಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಈಗ ನನ್ನ ಮುಖ್ಯ ಕಾರಣಕ್ಕೆ ಬರುತ್ತೇನೆ. ಸಿಡಿ ಬಂದಾಗ ಎಲ್ಪಿಗಿಂತ, ಅಂದರೆ ಹಳೇ ದೊಡ್ಡ ರೆಕಾರ್ಡಿಗಿಂತ, ಜಾಸ್ತಿ ಜಾಗ ಸಿಕ್ಕಿತು. ಎಲ್ಪಿಯ ಹಿಂದೆ ಇಪಿಗಳನ್ನೂ ಸೇರಿಸಿ ಒಂದೇ ತಟ್ಟೆಯಲ್ಲಿ ಕೊಡಬಹುದಿತ್ತು. ಅದೇ 1991ರಲ್ಲಿ ಲುಕ್ಔಟ್‌ನವರು ಗ್ರೀನ್ ಡೇ ಅನ್ನುವ ಪಂಕ್ ಬ್ಯಾಂಡಿನ ಮೊದಲ ಎಲ್ಪಿಗೂ ಇದನ್ನೇ ಮಾಡಿದರು. ಅನುಕೂಲಕ್ಕೆ ಮಾಡಿದ ಕೆಲಸ ಅಷ್ಟೇ. ಆದರೆ ಆಪರೇಷನ್ ಐವಿಯ ವಿಷಯದಲ್ಲಿ ಅದರಿಂದ ಬೇರೆಯೇ ಏನೋ ಆಗಿಹೋಯಿತು. ನೀವು ಈ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಕೇಳಿದರೆ 1989ರಿಂದ 1988ಕ್ಕೆ, ಅಲ್ಲಿಂದ 1987ಕ್ಕೆ ಹಿಂದೆ ಹೋಗುತ್ತೀರಿ. ಬ್ಯಾಂಡ್ ತನ್ನ ಶಕ್ತಿಯ ತುದಿಯಲ್ಲಿದ್ದಾಗಿನ ಹಾಡುಗಳು ಮೊದಲು ಬರುತ್ತವೆ, ಇನ್ನೂ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಳ್ಳದೆ, ಸ್ಕಾ ಎಲ್ಲಿ ನಿಲ್ಲಿಸಬೇಕು ಪಂಕ್ ಎಲ್ಲಿ ಶುರು ಮಾಡಬೇಕು ಅಂತ ತಡಕಾಡುತ್ತಿದ್ದ ಹೊಸಬರ ಹಾಡುಗಳು ಕೊನೆಗೆ ಬರುತ್ತವೆ. ಎರಡು ವರ್ಷದಲ್ಲಿ ಎಷ್ಟು ದೂರ ಬಂದಿದ್ದರು ಅನ್ನುವುದು 'ಎನರ್ಜಿ' ಒಂದನ್ನೇ ಕೇಳಿದರೆ ತಿಳಿಯುವುದಿಲ್ಲ. ಎಲ್ಲ ಸೇರಿ ಒಂದು ಗಂಟೆಯೂ ಆಗುವುದಿಲ್ಲ. ಅಷ್ಟರೊಳಗೆ ಇಡೀ ಬ್ಯಾಂಡಿನ ಬದುಕು ಇದೆ.

ನನ್ನ ಸಲಹೆ ಏನೆಂದರೆ 19ನೇ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಒಂದು ಕಾಫಿ ಕುಡಿದು ಬನ್ನಿ. ಉಳಿದ ಎಂಟನ್ನು ಬೇರೆ ಬ್ಯಾಂಡ್ ಅನ್ನುವ ಹಾಗೆ ಕೇಳಿ. ಒಂದೇ ಉಸಿರಿಗೆ ಕೇಳಿದರೆ ಕೊನೆಯವು ಬರೀ ಬಾಲಂಗೋಚಿ ಅನ್ನಿಸಿಬಿಡುತ್ತವೆ, ಅದು ಅನ್ಯಾಯ.

ಇಷ್ಟು ಚೆನ್ನಾಗಿದ್ದವರು ಯಾಕೆ ಒಡೆದರು ಅಂತಲೂ ಕೇಳುತ್ತಾರೆ. ಜನ ಜಾಸ್ತಿ ಆಗುತ್ತಾ ಬಂದರು, ಹೊರಗಿನವರ ಕಣ್ಣು ಬೀಳತೊಡಗಿತು, ಆ ಗಮನ ಅವರಿಗೆ ಒಗ್ಗಲಿಲ್ಲ. 1989ರ ಮೇ 28ರಂದು ಗಿಲ್ಮನ್‌ನಲ್ಲಿ ಅವರು ಕೊನೆಯ ಸಲ ನುಡಿಸಿದ ರಾತ್ರಿ, ಅದುವರೆಗೆ ಸ್ವೀಟ್ ಚಿಲ್ಡ್ರನ್ ಅಂತಿದ್ದ ಹುಡುಗರ ಬ್ಯಾಂಡ್ ಗ್ರೀನ್ ಡೇ ಅನ್ನುವ ಹೆಸರಿನಲ್ಲಿ ಮೊದಲ ಶೋ ಕೊಟ್ಟಿತು. ಟಿಮ್ ಮತ್ತು ಮ್ಯಾಟ್ 1991ರಲ್ಲಿ ರ‍್ಯಾನ್ಸಿಡ್ ಕಟ್ಟಿದರು. ಈ ಎರಡು ಬ್ಯಾಂಡುಗಳು ಬೆಳೆದಂತೆಲ್ಲ ಹೊಸ ಕೇಳುಗರು ಇವರ ಮೂಲ ಹುಡುಕಿಕೊಂಡು ಹೋದರು. ಆಗ ಅಂಗಡಿಯಲ್ಲಿ ಕೈಗೆ ಸಿಗುತ್ತಿದ್ದದ್ದು ಈ ಸಂಕಲನ. ಬ್ಯಾಂಡನ್ನು ಒಮ್ಮೆಯೂ ನೋಡಿರದ ನನ್ನಂಥ ಕೇಳುಗರಿಗೆ ಆಪರೇಷನ್ ಐವಿ ಅಂದರೆ ಈ 27 ಹಾಡು. ಅಸಲಿ ಅನ್ನುವುದಕ್ಕೆ ಇನ್ನೇನು ಬೇಕು?

ಆಮೇಲೆ ರಾಯಲ್ಟಿ ಬಾಕಿಯ ತಕರಾರಿನಲ್ಲಿ ಈ ಹಾಡುಗಳು ಲುಕ್ಔಟ್ ಕೈತಪ್ಪಿದವು. 2007ರಲ್ಲಿ ಟಿಮ್‌ನದೇ ಲೇಬಲ್ ಹೆಲ್‌ಕ್ಯಾಟ್ ಸಂಕಲನವನ್ನು ಮತ್ತೆ ಹೊರತಂದಿತು. ಈಗ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಮತ್ತೆ ಒಂದಾಗುತ್ತಾರಾ ಅನ್ನುವ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ. 2023ರಲ್ಲಿ ಜೆಸ್ಸಿ ಮತ್ತು ಟಿಮ್ ಜೊತೆಯಾಗಿ ಹೊಸ ಹಾಡು ತಂದರು. ಬ್ಯಾಂಡಿಗೆ ಬ್ಯಾಡ್ ಆಪ್ಟಿಕ್ಸ್ ಅಂತ ಬೇರೆ ಹೆಸರಿಟ್ಟರು, ಹಳೇ ಹೆಸರು ಮುಟ್ಟಲಿಲ್ಲ.